ಮೌನವೇ ಸಮ್ಮತಿಯಾದ ಕಾಲ

ಸಾಲದ ಕಂತು ಕಟ್ಟದವನನ್ನು ಬ್ಯಾಂಕಿನವರು ‘ಡಿಫಾಲ್ಟರ್’ ಎನ್ನುತ್ತಾರೆ. ನಮ್ಮ ಸಹಕಾರ ಸಂಘಗಳ ನೋಟಿಸುಗಳಲ್ಲಿ ಅವನ ಹೆಸರು ‘ಸುಸ್ತಿದಾರ’. ಕಂಪ್ಯೂಟರಿನವರ ಬಾಯಲ್ಲಿ ‘ಡಿಫಾಲ್ಟ್’ ಎಂದರೆ ನಾವು ಏನೂ ಹೇಳದೆ ಇದ್ದಾಗ ಯಂತ್ರ ತಾನಾಗಿ ಹಿಡಿಯುವ ದಾರಿ. ಎರಡೂ ಒಂದೇ ಪದದ ಮಕ್ಕಳು. ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಈ ಪದದ ಮೂಲ ಅರ್ಥ ಕೊರತೆ, ಮಾಡಬೇಕಾದುದನ್ನು ಮಾಡದೆ ಬಿಡುವುದು. ಕೋರ್ಟಿಗೆ ಬರಬೇಕಾದವನು ಬಾರದಿದ್ದರೆ ಅವನ ಗೈರುಹಾಜರಿಯಲ್ಲೇ ಕೊಡುವ ತೀರ್ಪಿಗೂ ಇದೇ ಪದ. ತಂತ್ರಾಂಶಗಳನ್ನು ಕನ್ನಡಕ್ಕೆ ತಂದವರು ಇದಕ್ಕೆ ‘ಪೂರ್ವನಿಯೋಜಿತ’ ಎಂಬ ಪದವನ್ನು ಬಳಸಿದರು. ಇಂಗ್ಲಿಷ್ ಪದ ಸುಮ್ಮನಿದ್ದವನ ಕಡೆಗೆ ಬೆರಳು ತೋರಿಸುತ್ತದೆ. ಕನ್ನಡದ ಪದ ಮೊದಲೇ ಯೋಚಿಸಿ ಇಟ್ಟವನ ಕಡೆಗೆ. ಅನಾಹುತವಾದಾಗ ಹೊಣೆ ಇವರಿಬ್ಬರಲ್ಲಿ ಯಾರದು ಎಂಬ ಪ್ರಶ್ನೆಗೆ ಕಂಪ್ಯೂಟರ್ ಚರಿತ್ರೆಯಲ್ಲಿ ಒಂದು ಒಳ್ಳೆಯ ಉದಾಹರಣೆಯಿದೆ. ಅದು ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಕಮಾಂಡಿನ ಕಥೆ.

ಫಾರ್ಮ್ಯಾಟ್ ಎಂದರೇನು ಎಂದು ಮೊದಲು ನೋಡೋಣ. ಖಾಲಿ ಜಮೀನನ್ನು ಬಡಾವಣೆ ಮಾಡುವುದನ್ನು ನೆನಪಿಸಿಕೊಳ್ಳಿ. ಮೊದಲು ಅಳತೆ ಮಾಡಿ ಸೈಟುಗಳಾಗಿ ವಿಂಗಡಿಸಬೇಕು, ಪ್ರತಿ ಸೈಟಿಗೂ ನಂಬರು ಕೊಡಬೇಕು. ಆಮೇಲೆ ಯಾವ ಸೈಟು ಯಾರದು ಎಂದು ಬರೆಯಲು ಒಂದು ಖಾತೆ ಪುಸ್ತಕ ಇಡಬೇಕು. ಡಿಸ್ಕಿನಲ್ಲೂ ಹೀಗೆಯೇ. ಮೇಲ್ಮೈಯನ್ನು ಸೆಕ್ಟರುಗಳಾಗಿ ಹಂಚಿ, ಯಾವ ಫೈಲು ಎಲ್ಲೆಲ್ಲಿದೆ ಎಂದು ಬರೆದುಕೊಳ್ಳುವ ಪಟ್ಟಿಯೊಂದನ್ನು ಒಂದು ಮೂಲೆಯಲ್ಲಿ ಇಡುತ್ತಾರೆ. ಬಳಸಿದ ಡಿಸ್ಕನ್ನು ಮತ್ತೆ ಫಾರ್ಮ್ಯಾಟ್ ಮಾಡಿದರೆ ಆ ಪಟ್ಟಿ ಹೊಸದಾಗಿ, ಖಾಲಿಯಾಗಿ ಬರೆಯಲ್ಪಡುತ್ತದೆ. ಮನೆಗಳು ಸೈಟಿನಲ್ಲಿ ನಿಂತೇ ಇರಬಹುದು; ಆದರೆ ಖಾತೆ ಪುಸ್ತಕದ ಪ್ರಕಾರ ಇಡೀ ಬಡಾವಣೆ ಖಾಲಿ. ಮುಂದೆ ಯಾರು ಬಂದರೂ ಅದೇ ಜಾಗದ ಮೇಲೆ ಕಟ್ಟಬಹುದು.

1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಬಿಡುಗಡೆ ಮಾಡಿದಾಗ ಅದರ ಜೊತೆ ಬಂದ ಡಾಸ್‌ನಲ್ಲಿ ಫಾರ್ಮ್ಯಾಟ್ ಎಂಬ ಕಮಾಂಡೂ ಇತ್ತು. ಆಗ ಡಿಸ್ಕ್ ಎಂದರೆ ಐದೂಕಾಲು ಇಂಚಿನ ಫ್ಲಾಪಿ. ಒಂದೇ ಮಗ್ಗುಲು, 40 ಪಥಗಳು, ಪಥಕ್ಕೆ 8 ಸೆಕ್ಟರು, ಸೆಕ್ಟರಿಗೆ 512 ಬೈಟು. ಒಟ್ಟು 160 ಕಿಲೋಬೈಟು. ಡ್ರೈವ್‌ಗಳಿಗೆ ‘ಎ’, ‘ಬಿ’ ಎಂದು ಅಕ್ಷರದ ಹೆಸರಿಡುವ ರೂಢಿ ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ವ್ಯವಸ್ಥೆಯಿಂದ ಡಾಸಿಗೆ ಬಂದಿತ್ತು. ಜೊತೆಗೆ ಇನ್ನೊಂದು ರೂಢಿಯೂ ಬಂತು: ಯಾವ ಡ್ರೈವ್ ಎಂದು ಹೇಳದಿದ್ದರೆ, ಸದ್ಯ ಯಾವುದರಲ್ಲಿ ಇದ್ದೇವೋ ಅದೇ ಎಂದು ಯಂತ್ರ ತಿಳಿದುಕೊಳ್ಳುತ್ತಿತ್ತು. ಫೈಲುಗಳ ಪಟ್ಟಿ ನೋಡಲು ‘ಡಿಐಆರ್’ ಎಂದು ಟೈಪಿಸಿದರೆ ಸಾಕು, ಈಗಿರುವ ಡ್ರೈವಿನ ಪಟ್ಟಿ ಬರುತ್ತಿತ್ತು. ದಿನಕ್ಕೆ ನೂರು ಸಲ ಬಳಸುವವನಿಗೆ ಇದು ದೊಡ್ಡ ಅನುಕೂಲ.

ಅದೇ ನಿಯಮ ಫಾರ್ಮ್ಯಾಟಿಗೂ ಅನ್ವಯವಾಗಿತ್ತು. ಫ್ಲಾಪಿಗಳ ಕಾಲದಲ್ಲಿ ಅದರಿಂದ ಹೆಚ್ಚು ಅಪಾಯವಿರಲಿಲ್ಲ. ಕಮಾಂಡ್ ಕೊಟ್ಟ ಮೇಲೆ ಯಂತ್ರ ನಿಂತು, ಹೊಸ ಡಿಸ್ಕನ್ನು ಹಾಕಿ ಒಂದು ಕೀಲಿ ಒತ್ತಿ ಎನ್ನುತ್ತಿತ್ತು. ಕೈಯಲ್ಲಿ ಹಿಡಿದು ಬದಲಿಸಬೇಕಾದ ವಸ್ತುವಾದ್ದರಿಂದ ಯಾವ ಡಿಸ್ಕು ಎಂಬುದು ಕಣ್ಣಿಗೆ ಕಾಣುತ್ತಿತ್ತು. ಫ್ಲಾಪಿಯ ಪಕ್ಕದಲ್ಲಿ ಒಂದು ಚೌಕದ ಕಚ್ಚು ಇರುತ್ತಿತ್ತು. ಅದರ ಮೇಲೆ ಸಣ್ಣ ಅಂಟುಪಟ್ಟಿ ಅಂಟಿಸಿದರೆ ಆ ಡಿಸ್ಕಿನ ಮೇಲೆ ಬರೆಯಲು ಆಗುತ್ತಿರಲಿಲ್ಲ. ತಂತ್ರಾಂಶ ಕೇಳದ ಪ್ರಶ್ನೆಯನ್ನು ಆ ಅಂಟುಪಟ್ಟಿ ಕೇಳುತ್ತಿತ್ತು.

1983ರ ಮಾರ್ಚಿನಲ್ಲಿ ಪಿಸಿ ಎಕ್ಸ್‌ಟಿ ಬಂತು, ಅದರೊಳಗೆ 10 ಮೆಗಾಬೈಟಿನ ಹಾರ್ಡ್ ಡಿಸ್ಕ್. ಎ ಮತ್ತು ಬಿ ಫ್ಲಾಪಿಗಳಿಗೆ ಮೀಸಲಾಗಿದ್ದರಿಂದ ಇದಕ್ಕೆ ಸಿಕ್ಕಿದ್ದು ‘ಸಿ’. ಇಂದಿಗೂ ನಮ್ಮ ಕಂಪ್ಯೂಟರುಗಳ ಮುಖ್ಯ ಡ್ರೈವ್ ಸಿ ಆಗಿಯೇ ಉಳಿದಿರುವುದು ಆ ಕಾರಣಕ್ಕೆ. ಎ, ಬಿ ಹೋಗಿ ಎಷ್ಟೋ ವರ್ಷವಾದರೂ ಅವರ ಕುರ್ಚಿಗಳು ಖಾಲಿಯೇ ಇವೆ. ಎಕ್ಸ್‌ಟಿಯ ಜೊತೆ ಬಂದ ಡಾಸ್ 2.0ರಲ್ಲಿ ಹಳೆಯ ನಿಯಮ ಹಾಗೆಯೇ ಮುಂದುವರಿಯಿತು. ಬಳಕೆದಾರ ಈಗ ದಿನವಿಡೀ ಇರುತ್ತಿದ್ದದ್ದು ಸಿ ಡ್ರೈವಿನಲ್ಲಿ. ಹೊಸ ಫ್ಲಾಪಿಯೊಂದನ್ನು ಸಿದ್ಧಮಾಡಲು ಹೊರಟು, ಅವಸರದಲ್ಲಿ ‘ಎ’ ಎಂದು ಸೇರಿಸುವುದನ್ನು ಮರೆತು ಬರೀ ‘ಫಾರ್ಮ್ಯಾಟ್’ ಎಂದು ಟೈಪಿಸಿದರೆ, ಡಾಸ್ ತಿಳಿದುಕೊಳ್ಳುತ್ತಿದ್ದದ್ದು ಸಿ ಎಂದು. ಬದಲಿಸಲು ಕೈಯಲ್ಲಿ ಡಿಸ್ಕಿಲ್ಲ, ಅಂಟಿಸಲು ಕಚ್ಚಿಲ್ಲ. ಕೀಲಿ ಒತ್ತಿ ಎಂದು ಕೇಳಿದಾಗ ಒತ್ತುವುದು ಬೆರಳಿಗೆ ಆಗಲೇ ರೂಢಿಯಾಗಿತ್ತು.

‘ಮೌನಂ ಸಮ್ಮತಿ ಲಕ್ಷಣಂ’ ಎನ್ನುವ ಮಾತನ್ನು ನಮ್ಮಲ್ಲಿ ಮದುವೆಯ ಮಾತುಕತೆಯಿಂದ ಹಿಡಿದು ಗ್ರಾಮಸಭೆಯವರೆಗೆ ಎಲ್ಲ ಕಡೆ ಬಳಸುತ್ತಾರೆ, ಬಹುಪಾಲು ಸುಮ್ಮನಿರುವವರ ವಿರುದ್ಧವಾಗಿಯೇ. ಡಾಸ್ 2.0 ಅದನ್ನೇ ಮಾಡಿತು. ಇಲ್ಲಿ ಯಾರೂ ಕೆಟ್ಟ ಉದ್ದೇಶದಿಂದ ಏನನ್ನೂ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ಎಲ್ಲ ಕಮಾಂಡುಗಳಿಗೂ ಒಂದೇ ನಿಯಮ ಇರಲಿ ಎಂಬುದು ಒಳ್ಳೆಯ ಎಂಜಿನಿಯರಿನ ಆಸೆ. ಆದರೆ ನೋಡುವ ಕೆಲಸ, ಅಳಿಸುವ ಕೆಲಸ ಎರಡಕ್ಕೂ ಒಂದೇ ನಿಯಮ ಹಾಕಿದಾಗ ಆ ಅಚ್ಚುಕಟ್ಟುತನವೇ ಅಪಾಯವಾಯಿತು.

ಡಾಸ್ 3ರ ಸರಣಿಯಲ್ಲಿ ಇದು ಸರಿಹೋಯಿತು. ಡ್ರೈವಿನ ಅಕ್ಷರ ಕೊಡದಿದ್ದರೆ ಫಾರ್ಮ್ಯಾಟ್ ಕೆಲಸವನ್ನೇ ಶುರುಮಾಡುತ್ತಿರಲಿಲ್ಲ. ಅಕ್ಷರ ಕೊಡಲೇಬೇಕು ಎಂದು ಹೇಳಿ ನಿಲ್ಲುತ್ತಿತ್ತು. ಹಾರ್ಡ್ ಡಿಸ್ಕಿನ ಅಕ್ಷರ ಕೊಟ್ಟರೆ, ಅದರಲ್ಲಿರುವುದೆಲ್ಲ ಹೋಗುತ್ತದೆ ಎಂಬ ಎಚ್ಚರಿಕೆ, ‘ವೈ’ ಅಥವಾ ‘ಎನ್’ ಒತ್ತಿ ಎಂಬ ಪ್ರಶ್ನೆ ಬರುವಂತಾಯಿತು. ಆದರೆ ಹೌದು-ಇಲ್ಲ ಎಂಬ ಪ್ರಶ್ನೆಗೆ ಒಂದು ದೋಷವಿದೆ. ನೂರು ಸಲ ‘ಹೌದು’ ಎಂದ ಬೆರಳು ನೂರೊಂದನೆಯ ಸಲ ಓದದೆಯೇ ‘ಹೌದು’ ಎನ್ನುತ್ತದೆ. ಆದ್ದರಿಂದ ಮುಂದಿನ ಆವೃತ್ತಿಗಳಲ್ಲಿ ಇನ್ನೊಂದು ಬಾಗಿಲು ಇಟ್ಟರು: ಹಾರ್ಡ್ ಡಿಸ್ಕಿಗೆ ಇಟ್ಟಿರುವ ಹೆಸರನ್ನು ಟೈಪಿಸಿ ಎಂದು ಕೇಳಿದರು. ಹೆಸರು ನೆನಪಿಲ್ಲದಿದ್ದರೆ ಎದ್ದು ಹೋಗಿ ನೋಡಿಕೊಂಡು ಬರಬೇಕು. ನೋಡಲು ಹೋದವನಿಗೆ ತಾನು ಯಾವ ಡಿಸ್ಕನ್ನು ಅಳಿಸಲು ಹೊರಟಿದ್ದೇನೆ ಎಂಬುದು ಕಾಣಿಸುತ್ತದೆ. ಉತ್ತರಕ್ಕಿಂತ ಆ ತಡವೇ ಅಲ್ಲಿ ಮುಖ್ಯ.

ಇಷ್ಟಾದರೂ ಮನುಷ್ಯ ತಪ್ಪುವುದು ನಿಲ್ಲಲಿಲ್ಲ. ಆ ತಪ್ಪುಗಳ ಮೇಲೆ ಒಂದು ಉದ್ಯಮವೇ ಬೆಳೆಯಿತು. ಪೀಟರ್ ನಾರ್ಟನ್ 1982ರಲ್ಲಿ ಮಾರಾಟಕ್ಕೆ ಬಿಟ್ಟ ‘ನಾರ್ಟನ್ ಯುಟಿಲಿಟೀಸ್’ನಲ್ಲಿ ಜನ ಮುಗಿಬಿದ್ದು ಕೊಂಡದ್ದು ಅಳಿಸಿದ ಫೈಲನ್ನು ಮರಳಿ ತರುವ ‘ಅನ್‌ಇರೇಸ್’ಗಾಗಿ. ಅದು ಮಾಟವೇನೂ ಆಗಿರಲಿಲ್ಲ. ಡಾಸ್ ಒಂದು ಫೈಲನ್ನು ಅಳಿಸುವಾಗ ಪಟ್ಟಿಯಲ್ಲಿ ಆ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಹಾಕಿ, ಅದು ಹಿಡಿದಿದ್ದ ಜಾಗವನ್ನು ಖಾಲಿ ಎಂದು ಬರೆದುಕೊಳ್ಳುತ್ತಿತ್ತು ಅಷ್ಟೇ. ಮನೆ ನಿಂತಿದೆ, ಖಾತೆ ಮಾತ್ರ ಹೊಡೆದುಹಾಕಿದೆ. ಬೇರೆ ಯಾರೂ ಅಲ್ಲಿ ಕಟ್ಟುವ ಮೊದಲು ಹೋದರೆ ಹೆಸರನ್ನು ಮತ್ತೆ ಸೇರಿಸಬಹುದು.

1991ರ ಜೂನಿನಲ್ಲಿ ಬಂದ ಎಂಎಸ್-ಡಾಸ್ 5.0 ಈ ಬುದ್ಧಿಯನ್ನು ತಾನೇ ಅಳವಡಿಸಿಕೊಂಡಿತು. ಫಾರ್ಮ್ಯಾಟ್ ಮಾಡುವ ಮುನ್ನ ಹಳೆಯ ಪಟ್ಟಿಯ ಪ್ರತಿಯೊಂದನ್ನು ಡಿಸ್ಕಿನಲ್ಲೇ ಎತ್ತಿಟ್ಟು ಆಮೇಲೆ ಹೊಸ ಪಟ್ಟಿ ಬರೆಯುವುದು ಅದರ ಡಿಫಾಲ್ಟ್ ಆಯಿತು. ತಪ್ಪಿದ್ದು ತಕ್ಷಣ ಗೊತ್ತಾದರೆ ‘ಅನ್‌ಫಾರ್ಮ್ಯಾಟ್’ ಎಂಬ ಕಮಾಂಡಿನಿಂದ ಹಿಂದಿನ ಸ್ಥಿತಿಗೆ ಮರಳಬಹುದಿತ್ತು. ಹಾಗೆ ಮರಳುವ ದಾರಿ ಬೇಡ, ಪೂರ್ತಿ ಅಳಿಸಿ ಎನ್ನುವವರು ಬೇರೆಯಾಗಿ ‘ಯು’ ಎಂಬ ಅಕ್ಷರವನ್ನು ಸೇರಿಸಬೇಕಿತ್ತು. ಹತ್ತೇ ವರ್ಷದಲ್ಲಿ ಮೌನದ ಅರ್ಥ ತಲೆಕೆಳಗಾಗಿತ್ತು. 1983ರಲ್ಲಿ ಸುಮ್ಮನಿದ್ದವನಿಗೆ ಸಿಗುತ್ತಿದ್ದದ್ದು ವಿನಾಶ. 1991ರಲ್ಲಿ ಸುಮ್ಮನಿದ್ದವನಿಗೆ ಸಿಕ್ಕಿದ್ದು ಹಿಂದಿರುಗುವ ಅವಕಾಶ. ವಿನಾಶ ಬೇಕಾದವನು ಬಾಯಿ ಬಿಟ್ಟು ಕೇಳಬೇಕಾಯಿತು.

ಇದೇ ಹೊತ್ತಿನಲ್ಲಿ ಯುನಿಕ್ಸ್ ಲೋಕದಲ್ಲಿ ತೊಂದರೆ ಇನ್ನೊಂದು ತುದಿಯಲ್ಲಿತ್ತು. ಬೆಲ್ ಲ್ಯಾಬ್ಸ್‌ನಿಂದ 1979ರಲ್ಲಿ ಹೊರಬಂದ ಯುನಿಕ್ಸಿನ ಏಳನೇ ಆವೃತ್ತಿಯಲ್ಲಿ ಡಿಸ್ಕನ್ನು ಸಿದ್ಧಪಡಿಸುವ ಕಮಾಂಡಿನ ಹೆಸರು ‘ಎಂಕೆಎಫ್‌ಎಸ್’. ಅದು ಯಾವ ಡಿಸ್ಕು ಎಂದು ಎಂದೂ ಊಹಿಸುತ್ತಿರಲಿಲ್ಲ, ಹೆಸರು ಹೇಳಲೇಬೇಕು. ಆದರೆ ಆ ಡಿಸ್ಕಿನಲ್ಲಿ 512 ಬೈಟಿನ ಎಷ್ಟು ಬ್ಲಾಕುಗಳಿವೆ ಎಂಬುದನ್ನೂ ಹೇಳುವವನೇ ಹೇಳಬೇಕಿತ್ತು. ಕೈಪಿಡಿ ತೆರೆದು, ಆ ಮಾದರಿಯ ಡಿಸ್ಕಿನ ಕೋಷ್ಟಕ ಹುಡುಕಿ, ಸಂಖ್ಯೆ ನೋಡಿ ಟೈಪಿಸಬೇಕು. ಒಂದೇ ಡಿಸ್ಕಿನ ಭಾಗಗಳು ಆ ಕೋಷ್ಟಕಗಳಲ್ಲಿ ಒಂದರ ಮೇಲೊಂದು ಹಾದು ಹೋಗುತ್ತಿದ್ದದ್ದೂ ಉಂಟು. ಸಂಖ್ಯೆ ಚಿಕ್ಕದಾದರೆ ಜಾಗ ದಂಡ. ದೊಡ್ಡದಾದರೆ ಪಕ್ಕದವನ ಜಮೀನಿನ ಮೇಲೆ ಬೇಲಿ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಕಿರ್ಕ್ ಮೆಕ್‌ಕ್ಯುಸಿಕ್, ಬಿಲ್ ಜಾಯ್, ಸ್ಯಾಮ್ಯುಯೆಲ್ ಲೆಫ್ಲರ್, ರಾಬರ್ಟ್ ಫ್ಯಾಬ್ರಿ ಸೇರಿ ಹೊಸ ಫೈಲ್ ವ್ಯವಸ್ಥೆಯೊಂದನ್ನು ಕಟ್ಟಿದರು. 1984ರಲ್ಲಿ ಅದರ ಬಗ್ಗೆ ಅವರು ಪ್ರಕಟಿಸಿದ ಪ್ರಬಂಧ ಇಂದಿಗೂ ಓದಲು ಯೋಗ್ಯ. ಬ್ಲಾಕು ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಯನ್ನು ಅವರು ಅಂದಾಜಿಗೆ ಬಿಡದೆ, ಬಳಕೆಯಲ್ಲಿದ್ದ ನಿಜವಾದ ಡಿಸ್ಕುಗಳ ಮೇಲೆ ಲೆಕ್ಕ ಹಾಕಿದರು. 512 ಬೈಟಿನ ಬ್ಲಾಕಿನಲ್ಲಿ 6.9% ಜಾಗ ಪೋಲು, 1024ರಲ್ಲಿ 11.8%, 4096ರಲ್ಲಿ 45.6%. ದೊಡ್ಡ ಬ್ಲಾಕಿನಿಂದ ವೇಗ, ಚಿಕ್ಕ ಬ್ಲಾಕಿನಿಂದ ಉಳಿತಾಯ. ಅವರು ದೊಡ್ಡ ಬ್ಲಾಕನ್ನೇ ಹಿಡಿದು, ಸಣ್ಣ ಫೈಲುಗಳಿಗಾಗಿ ಅದನ್ನು ತುಂಡುಗಳಾಗಿ ಒಡೆಯುವ ಉಪಾಯ ಕಂಡುಕೊಂಡರು. ಅಂದರೆ ಅವರ ಸಂಖ್ಯೆಗಳ ಹಿಂದೆ ಅಳತೆಯಿತ್ತು.

ಅವರ ಬಿಎಸ್‌ಡಿ 4.2ರ ಜೊತೆ ‘ನ್ಯೂಎಫ್‌ಎಸ್’ ಎಂಬ ಹೊಸ ಕಮಾಂಡ್ ಬಂತು. ಡಿಸ್ಕಿನ ಮಾದರಿಯ ಹೆಸರು ಕೊಟ್ಟರೆ ಸಾಕು. ಪಥ ಎಷ್ಟು, ಸೆಕ್ಟರು ಎಷ್ಟು ಎಂಬುದನ್ನೆಲ್ಲ ಒಂದು ಕಡತದಲ್ಲಿ ನೋಡಿಕೊಂಡು ತಾನೇ ಲೆಕ್ಕ ಹಾಕಿ, ಹಳೆಯ ಎಂಕೆಎಫ್‌ಎಸ್‌ಗೆ ಒಪ್ಪಿಸುತ್ತಿತ್ತು. ಡಾಸ್ ಮತ್ತು ಯುನಿಕ್ಸ್ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಫಾರ್ಮ್ಯಾಟ್ ಕಮಾಂಡಿಗೆ ಎರಡು ಬಗೆಯ ಪ್ರಶ್ನೆಗಳಿರುತ್ತವೆ: ಯಾವುದನ್ನು, ಮತ್ತು ಹೇಗೆ. ‘ಯಾವುದನ್ನು’ ಎಂಬುದು ಬಳಕೆದಾರನಿಗೆ ಮಾತ್ರ ಗೊತ್ತಿರುವ ವಿಷಯ, ಅದನ್ನು ಯಂತ್ರ ಊಹಿಸಬಾರದು. ‘ಹೇಗೆ’ ಎಂಬುದು ಸಾಮಾನ್ಯವಾಗಿ ಯಂತ್ರ ಮಾಡಿದವನಿಗೆ ಹೆಚ್ಚು ಗೊತ್ತಿರುವ ವಿಷಯ, ಅದನ್ನು ಬಳಕೆದಾರನ ತಲೆಗೆ ಕಟ್ಟಬಾರದು. ಡಾಸ್ 2.0 ಮೊದಲನೆಯದನ್ನು ಊಹಿಸಿತು. ಹಳೆಯ ಎಂಕೆಎಫ್‌ಎಸ್ ಎರಡನೆಯದನ್ನು ಬಳಕೆದಾರನ ಮೇಲೆ ಹೊರಿಸಿತು.

ಆದರೆ ‘ಹೇಗೆ’ ಎಂಬುದಕ್ಕೆ ಕೊಟ್ಟ ಉತ್ತರಗಳಿಗೂ ವಯಸ್ಸಾಗುತ್ತದೆ. ಬರ್ಕ್ಲಿಯವರು ಡಿಸ್ಕಿನ 10% ಜಾಗವನ್ನು ಖಾಲಿ ಉಳಿಸಿಕೊಂಡರು, ಪೂರ್ತಿ ತುಂಬಿದ ಡಿಸ್ಕಿನಲ್ಲಿ ಜಾಗ ಹುಡುಕುವುದೇ ಕಷ್ಟವಾಗಿ ವೇಗ ಕುಸಿಯುತ್ತಿತ್ತೆಂದು. 1993ರಲ್ಲಿ ಲಿನಕ್ಸಿಗೆ ಬಂದ ಎಕ್ಸ್‌ಟಿ2 ವ್ಯವಸ್ಥೆ 5% ಜಾಗವನ್ನು ಆಡಳಿತಗಾರನಿಗೆಂದು ಕಾದಿರಿಸಿತು. 100 ಮೆಗಾಬೈಟಿನ ಡಿಸ್ಕಿನಲ್ಲಿ ಅದು 5 ಮೆಗಾಬೈಟು. ಅದೇ ಡಿಫಾಲ್ಟಿನಲ್ಲಿ ಇಂದು 1 ಟೆರಾಬೈಟಿನ ಡಿಸ್ಕನ್ನು ಸಿದ್ಧಪಡಿಸಿದರೆ 50 ಗಿಗಾಬೈಟು ಪಕ್ಕಕ್ಕೆ ಹೋಗುತ್ತದೆ. ಫೋಟೊ ತುಂಬಿಡಲು ಡಿಸ್ಕು ಕೊಂಡವನಿಗೆ ಆ ಜಾಗ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಅದೇ ವ್ಯವಸ್ಥೆಯಲ್ಲಿ ಪ್ರತಿ ಫೈಲಿಗೂ ‘ಐನೋಡ್’ ಎಂಬ ಒಂದು ದಾಖಲೆ ಬೇಕು. ಎಷ್ಟು ಐನೋಡುಗಳಿರಬೇಕೆಂಬುದು ಫಾರ್ಮ್ಯಾಟ್ ಮಾಡುವಾಗಲೇ ತೀರ್ಮಾನವಾಗುತ್ತದೆ. ಈಗಿನ ಸಾಮಾನ್ಯ ಡಿಫಾಲ್ಟಿನಲ್ಲಿ 16,384 ಬೈಟಿಗೊಂದು. ಆಮೇಲೆ ಈ ಅನುಪಾತವನ್ನು ಬದಲಿಸಲಾಗದು. ಲಕ್ಷಾಂತರ ಪುಟ್ಟ ಫೈಲುಗಳನ್ನು ಇಡುವ ಇಮೇಲ್ ಸರ್ವರಿನಂಥ ಯಂತ್ರದಲ್ಲಿ ಐನೋಡುಗಳು ಮೊದಲು ಮುಗಿಯುತ್ತವೆ. ಆಗ ಅರ್ಧ ಡಿಸ್ಕು ಖಾಲಿಯಿದ್ದರೂ ಯಂತ್ರ ಜಾಗವಿಲ್ಲ ಎನ್ನುತ್ತದೆ. ಸೈಟುಗಳು ಖಾಲಿ, ಖಾತೆ ಪುಸ್ತಕದಲ್ಲಿ ಹಾಳೆ ಮುಗಿದಿದೆ. ಹಿಂದೆ ಒಂದೊಂದು ಐನೋಡಿಗೂ 128 ಬೈಟು ಕೊಡುತ್ತಿದ್ದರು. ಅದರಲ್ಲಿ ಸಮಯ ಬರೆಯಲು ಇರುವ 32 ಬಿಟ್ಟುಗಳ ಜಾಗ 2038ರ ಜನವರಿ 19ಕ್ಕೆ ಸಾಲದಾಗುತ್ತದೆ. ಈಗಿನ ಡಿಫಾಲ್ಟ್ 256 ಬೈಟು, ಅದರಲ್ಲಿ ಮುಂದಿನ ಶತಮಾನಗಳಿಗೂ ಜಾಗವಿದೆ. ಆದರೆ ಹಳೆಯ ಡಿಫಾಲ್ಟಿನಲ್ಲಿ ಸಿದ್ಧವಾದ ಡಿಸ್ಕುಗಳು ಹಳೆಯ ಗಡುವನ್ನೇ ಹೊತ್ತು ತಿರುಗುತ್ತವೆ.

63 ಎಂಬ ಸಂಖ್ಯೆಯ ಕಥೆ ಇನ್ನೂ ವಿಚಿತ್ರ. ಪಥವೊಂದರಲ್ಲಿ 63 ಸೆಕ್ಟರುಗಳಿರುತ್ತವೆ ಎಂಬ ಹಳೆಯ ಲೆಕ್ಕದಿಂದಾಗಿ ಡಿಸ್ಕಿನ ಮೊದಲ ಭಾಗವನ್ನು 63ನೇ ಸೆಕ್ಟರಿನಿಂದ ಆರಂಭಿಸುವುದು ರೂಢಿಯಾಗಿತ್ತು. ಡಿಸ್ಕಿನ ಒಳಗಿನ ರಚನೆ ಬದಲಾಗಿ ಆ ಲೆಕ್ಕಕ್ಕೆ ಅರ್ಥವೇ ಉಳಿಯದಿದ್ದರೂ ಸಂಖ್ಯೆ ಮಾತ್ರ ಉಳಿಯಿತು. 2009ರ ಕೊನೆಯ ಹೊತ್ತಿಗೆ ಒಳಗೆ 4096 ಬೈಟಿನ ಸೆಕ್ಟರುಗಳಿರುವ ಡಿಸ್ಕುಗಳು ಮಾರುಕಟ್ಟೆಗೆ ಬಂದವು. 63ನ್ನು 512ರಿಂದ ಗುಣಿಸಿದರೆ 32,256. ಅದನ್ನು 4096ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. ಹೀಗಾಗಿ ಕಂಪ್ಯೂಟರ್ ಒಂದೆಂದು ತಿಳಿದ ಪ್ರತಿ ಬ್ಲಾಕೂ ಡಿಸ್ಕಿನ ಎರಡು ಸೆಕ್ಟರುಗಳ ಮೇಲೆ ಅಡ್ಡಗಾಲು ಹಾಕಿ ಕೂರುತ್ತಿತ್ತು. ಒಂದು ಬ್ಲಾಕು ಬರೆಯಲು ಎರಡು ಸೆಕ್ಟರುಗಳನ್ನು ಓದಿ, ತಿದ್ದಿ, ಮತ್ತೆ ಬರೆಯಬೇಕು. ವಿಂಡೋಸ್ ವಿಸ್ಟಾ 2007ರಲ್ಲೇ ಆರಂಭದ ಜಾಗವನ್ನು 1 ಮೆಗಾಬೈಟಿಗೆ ಸರಿಸಿತ್ತು, ಲಿನಕ್ಸಿನ ಸಾಧನಗಳೂ ಮುಂದೆ ಅದನ್ನೇ ಹಿಡಿದವು. ಆದರೆ ಆಗ ಇನ್ನೂ ಎಲ್ಲೆಡೆ ಇದ್ದದ್ದು ಎಕ್ಸ್‌ಪಿ. ಹೊಸ ಡಿಸ್ಕು ಕೊಂಡು ಅದರಲ್ಲಿ ಹಾಕಿದವರಿಗೆ, ಹಳೆಯದಕ್ಕಿಂತ ಹೊಸದೇ ನಿಧಾನವಾಗಿರುವುದು ಏಕೆಂದು ಅರ್ಥವಾಗುತ್ತಿರಲಿಲ್ಲ.

ಎಲ್ಲ ಸಂಖ್ಯೆಗಳ ಹಿಂದೆಯೂ ಬರ್ಕ್ಲಿಯವರಂಥ ಅಳತೆ ಇರುವುದಿಲ್ಲ. ವಿಂಡೋಸಿನಲ್ಲಿ ಡಿಸ್ಕಿನ ಮೇಲೆ ಬಲಗುಂಡಿ ಒತ್ತಿದಾಗ ಬರುವ ಫಾರ್ಮ್ಯಾಟ್ ಕಿಟಕಿಯನ್ನು ಬರೆದವರು ಆಗ ಮೈಕ್ರೋಸಾಫ್ಟಿನಲ್ಲಿದ್ದ ಡೇವ್ ಪ್ಲಮರ್. 1990ರ ದಶಕದ ನಡುವಿನಲ್ಲಿ ವಿಂಡೋಸ್ 95ರ ಮುಖವನ್ನು ವಿಂಡೋಸ್ ಎನ್‌ಟಿಗೆ ತರುವ ಕೆಲಸದಲ್ಲಿದ್ದಾಗ, ಒಂದು ಗುರುವಾರ ಬೆಳಿಗ್ಗೆ ಆಯ್ಕೆಗಳನ್ನೆಲ್ಲ ಕಾಗದದ ಮೇಲೆ ಪಟ್ಟಿ ಮಾಡಿ, ಒಂದರ ಕೆಳಗೊಂದು ಜೋಡಿಸಿ, ಚೆಂದದ್ದು ಬರುವವರೆಗೆ ಇದಿರಲಿ ಎಂದು ಬಿಟ್ಟೆ ಎಂದು ಅವರೇ 2024ರಲ್ಲಿ ಹೇಳಿಕೊಂಡರು. ಚೆಂದದ್ದು ಬರಲೇ ಇಲ್ಲ. ಫ್ಯಾಟ್ ಬಗೆಯ ಡಿಸ್ಕು ದೊಡ್ಡದಾದಷ್ಟೂ ಅದರ ಹಂಚಿಕೆಯ ತುಂಡುಗಳು ದೊಡ್ಡದಾಗಿ ಜಾಗ ಪೋಲಾಗುತ್ತದೆ. ಎಷ್ಟು ಪೋಲನ್ನು ಸಹಿಸಬಹುದು ಎಂದು ಅದೇ ಬೆಳಿಗ್ಗೆ ಯೋಚಿಸಿ 32 ಗಿಗಾಬೈಟು ಎಂಬ ಮಿತಿ ಹಾಕಿದೆ ಎಂದೂ ಅವರು ತಿಳಿಸಿದ್ದಾರೆ. ಫ್ಯಾಟ್32 ವ್ಯವಸ್ಥೆಗೆ ಸ್ವತಃ ಅಂಥ ಮಿತಿಯಿಲ್ಲ. ಆದರೂ 64 ಗಿಗಾಬೈಟಿನ ಕಾರ್ಡನ್ನು ಹಳೆಯ ಕ್ಯಾಮರಾಕ್ಕೆ ಹೊಂದಿಸಲು ಹೊರಟ ಎಷ್ಟೋ ಜನ ವಿಂಡೋಸಿನ ಈ ಗೋಡೆಗೆ ಹಣೆ ಚಚ್ಚಿಕೊಂಡು ಬೇರೆ ತಂತ್ರಾಂಶ ಹುಡುಕಬೇಕಾಯಿತು. 2024ರ ಆಗಸ್ಟಿನಲ್ಲಿ, ವಿಂಡೋಸ್ 11ರ ಪರೀಕ್ಷಾ ಆವೃತ್ತಿಯೊಂದರ ಕಮಾಂಡಿನಲ್ಲಿ ಈ ಮಿತಿ 2 ಟೆರಾಬೈಟಿಗೆ ಏರಿತು.

ಕಳೆದುಕೊಳ್ಳುವ ಭಯದಷ್ಟೇ ದೊಡ್ಡದು ಉಳಿದುಬಿಡುವ ಭಯ. ಫಾರ್ಮ್ಯಾಟ್ ಮಾಡಿದರೂ ಮನೆಗಳು ನಿಂತೇ ಇರುತ್ತವೆ ಎಂಬುದು ತಪ್ಪಿದವನಿಗೆ ವರ. ಡಿಸ್ಕನ್ನು ಮಾರುವವನಿಗೆ ಅದೇ ಕುತ್ತು. ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೇಲತ್ ಅಮೆರಿಕದಲ್ಲಿ 158 ಹಳೆಯ ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈದ್ಯಕೀಯ ವಿವರಗಳು, ಖಾಸಗಿ ಪತ್ರಗಳು ಸಿಕ್ಕವು. ಮಾರಿದವರಲ್ಲಿ ಹಲವರು ಫಾರ್ಮ್ಯಾಟ್ ಮಾಡಿಯೇ ಮಾರಿದ್ದರು. ಎಲ್ಲವೂ ಹೋಗುತ್ತದೆ ಎಂದು ಪರದೆಯ ಮೇಲೆ ಬಂದ ಎಚ್ಚರಿಕೆಯನ್ನು ಅವರು ಅಕ್ಷರಶಃ ನಂಬಿದ್ದರು. ಆ ಎಚ್ಚರಿಕೆ ಬಳಕೆದಾರನನ್ನು ಹೆದರಿಸಲು ಬರೆದದ್ದು, ಭರವಸೆ ಕೊಡಲು ಅಲ್ಲ. ವಿಸ್ಟಾದಿಂದ ಮುಂದೆ ವಿಂಡೋಸಿನ ಪೂರ್ತಿ ಫಾರ್ಮ್ಯಾಟ್ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯತೊಡಗಿತು. ಆದರೆ ಕಿಟಕಿಯಲ್ಲಿ ಮೊದಲೇ ಗುರುತು ಹಾಕಿ ಇಟ್ಟಿರುವುದು ‘ಕ್ವಿಕ್ ಫಾರ್ಮ್ಯಾಟ್’ಗೆ. ಕಾಯುವುದು ಬೇಡ ಎನ್ನುವ ಬಹುಜನರಿಗೆ ಅದು ಅನುಕೂಲ. ಆದರೆ ಅಳಿಸಿಹಾಕುವುದೇ ಉದ್ದೇಶವಾಗಿರುವವನಿಗೆ ಆ ಗುರುತು ತೆಗೆಯಬೇಕು ಎಂದು ಯಾರೂ ಹೇಳುವುದಿಲ್ಲ.

ಹಾಗಾದರೆ ಹೊಣೆ ಸುಮ್ಮನಿದ್ದವನದೋ, ಮೊದಲೇ ಯೋಚಿಸಿ ಇಟ್ಟವನದೋ? ನಾಲ್ಕು ದಶಕಗಳ ಈ ಚರಿತ್ರೆ ಹೊಣೆಯನ್ನು ನಿಧಾನವಾಗಿ ಎರಡನೆಯವನ ಕಡೆಗೆ ಸರಿಸುತ್ತ ಬಂದಿದೆ. ಅಳಿಸುವ ಇತರ ಕಮಾಂಡುಗಳೂ ಅದೇ ದಾರಿ ಹಿಡಿದವು. ಇಡೀ ಫೈಲ್ ವ್ಯವಸ್ಥೆಯನ್ನು ಬುಡದಿಂದ ಅಳಿಸಲು ಒಪ್ಪದಿರುವುದು ಜಿಎನ್‌ಯುನ ‘ಆರ್‌ಎಂ’ ಕಮಾಂಡಿಗೆ 2006ರಲ್ಲಿ ಡಿಫಾಲ್ಟ್ ಆಯಿತು. ಎಕ್ಸ್‌ಎಫ್‌ಎಸ್ ವ್ಯವಸ್ಥೆಯ ಫಾರ್ಮ್ಯಾಟ್ ಕಮಾಂಡ್, ಡಿಸ್ಕಿನಲ್ಲಿ ಆಗಲೇ ಬೇರೆ ಫೈಲ್ ವ್ಯವಸ್ಥೆ ಕಂಡರೆ ಬಲವಂತದ ಗುರುತು ಕೊಡದೆ ಮುಟ್ಟುವುದಿಲ್ಲ. ಎಕ್ಸ್‌ಟಿ ಬಳಗದ ‘ಎಂಕೆಇ2ಎಫ್‌ಎಸ್’ ಬಳಕೆಯಲ್ಲಿರುವ ಡಿಸ್ಕನ್ನು ಫಾರ್ಮ್ಯಾಟ್ ಮಾಡಲು ಒಪ್ಪುವುದಿಲ್ಲ. ಮಾಡದೆಯೇ, ಮಾಡಿದರೆ ಏನಾಗುತ್ತದೆಂದು ತೋರಿಸುವ ಒಂದು ಆಯ್ಕೆಯೂ ಅದರಲ್ಲಿದೆ.

ಅದರಲ್ಲಿ ಇನ್ನೊಂದು ಸಣ್ಣ ವಿವರವಿದೆ. ಅನುಮಾನ ಬಂದಾಗ ಅದು ಮುಂದುವರಿಯಲೇ ಎಂದು ಕೇಳುತ್ತದೆ, ಪಕ್ಕದ ಆವರಣದಲ್ಲಿ ಎರಡು ಅಕ್ಷರ: ವೈ ಮತ್ತು ಎನ್. ವೈ ಸಣ್ಣಕ್ಷರದಲ್ಲಿರುತ್ತದೆ, ಎನ್ ದೊಡ್ಡಕ್ಷರದಲ್ಲಿ. ಹಳಬರಿಗೆ ಅದರ ಅರ್ಥ ಗೊತ್ತು. ಏನನ್ನೂ ಟೈಪಿಸದೆ ಬರೀ ಎಂಟರ್ ಒತ್ತಿದರೆ ಉತ್ತರ ‘ಬೇಡ’ ಎಂದೇ ಆಗುತ್ತದೆ.